ಸತ್ಯಾಂಶ: ಶುಲ್ಕ ದುಬಾರಿಯಾದರೆ ವೈದ್ಯಕೀಯ ಕಾಲೇಜು ಶ್ರೇಷ್ಠವೇ?

‘ಶುಲ್ಕ ಹೆಚ್ಚಿದ್ದಷ್ಟೂ ವೈದ್ಯಕೀಯ ಕಾಲೇಜು ಒಳ್ಳೆಯದು, ಸೀಟು ಸಿಗುವುದೂ ಅಷ್ಟೇ ಕಷ್ಟ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ರಾಜ್ಯದ ಸೀಟು ಹಂಚಿಕೆಯಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಮುಂಚೂಣಿ ರ‍್ಯಾಂಕ್‌ನವರು ಹೆಚ್ಚಾಗಿ ಮೊದಲು ಆರಿಸಿಕೊಳ್ಳುವುದು 1955ರಲ್ಲಿ ಆರಂಭವಾದ, ಶುಲ್ಕ ಕಡಿಮೆಯಿರುವ ಬೆಂಗಳೂರು ವೈದ್ಯಕೀಯ ಕಾಲೇಜನ್ನು. ಖಾಸಗಿ ಕಾಲೇಜುಗಳ ದುಬಾರಿ ಮ್ಯಾನೇಜ್‌ಮೆಂಟ್ ಸೀಟುಗಳು ಬಹಳ ಕೆಳಗಿನ ರ‍್ಯಾಂಕ್‌ಗೂ ದಕ್ಕುತ್ತವೆ.

ಕಾರಣ ಶುಲ್ಕವೊಂದೇ ಅಲ್ಲ. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳು ಆ ಕಾಲೇಜಿನ ಜೊತೆಗಿವೆ. ಬೆಳಗಾಗುತ್ತಲೇ ಹೊರರೋಗಿಗಳ ಚೀಟಿಗೆ ಸಾಲು. ಹೆರಿಗೆ ವಾರ್ಡಿನಲ್ಲಿ ಹಗಲಿರುಳೂ ಕೆಲಸ. ಹೃದಯದ ಮರ್ಮರ ಶಬ್ದವನ್ನು ಪುಸ್ತಕದಲ್ಲಿ ಓದುವುದು ಬೇರೆ, ಸ್ಟೆತಸ್ಕೋಪ್ ಇಟ್ಟು ಹತ್ತಾರು ಎದೆಗಳಲ್ಲಿ ಕೇಳುವುದು ಬೇರೆ.

ಪೋಷಕರೇ, ಕಾಲೇಜು ನೋಡಲು ಹೋದಾಗ ಹೊಳೆಯುವ ಕಟ್ಟಡಕ್ಕಿಂತ ಮೊದಲು ವಾರ್ಡುಗಳಿಗೆ ಹೋಗಿ. ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ನೋಡಿ.