ಕಾರಿನಡಿ ಮಲಗಿದರೆ ಮರ್ಯಾದೆ ಹೋಗುತ್ತಾ?

"ಎಂತ ಮಾರಾಯ, ಅಮೆರಿಕಾದಲ್ಲಿದ್ದು ಈ ಗತಿಯಾ?" ಅಂದರು ಚಿಕ್ಕಪ್ಪ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ. ಅಡಿಕೆ ಎತ್ತಿ ಆಗಿತ್ತು, ಅಂಗಳ ಖಾಲಿ ಇತ್ತು. ಅಪ್ಪನ ಹಳೆಯ ಆಕ್ಸೆಂಟ್ ಕಾರಿನ ಮುಂಭಾಗವನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನಾನು ಅಡಿಗೆ ನುಸುಳಿದ್ದೆ. ಅಮ್ಮನಿಗೆ ಚಿಕ್ಕಪ್ಪನಿಗಿಂತ ಜಾಸ್ತಿ ಬೇಜಾರು. "ರಸ್ತೆಗೆ ಕಾಣುತ್ತೆ ಕಣೋ. ನೋಡಿದವರು ಏನಂದ್ಕೊಳ್ತಾರೆ? ಗ್ಯಾರೇಜಿಗೆ ಫೋನ್ ಮಾಡಿದ್ರೆ ಬರಲ್ವಾ?" ಇಬ್ಬರೂ ತಮಾಷೆಗೆ ಅಂದಿದ್ದಲ್ಲ. ಆ ಮಾತು ನನಗೆ ಚುಚ್ಚಿತು. ಮಿಷಿಗನ್‌ಗೆ ವಾಪಸ್ ಬಂದ ಮೇಲೂ ಚುಚ್ಚುತ್ತಲೇ ಇದೆ.

ಕಾರಿನ ಕಾಯಿಲೆ ಏನೂ ದೊಡ್ಡ ರಹಸ್ಯ ಅಲ್ಲ. ಸ್ಟೀರಿಂಗ್ ತಿರುಗಿಸಿದರೆ ಗೊಂಯ್ ಅನ್ನುತ್ತಿತ್ತು. ಪವರ್ ಸ್ಟೀರಿಂಗ್ ಎಣ್ಣೆ ಎಷ್ಟು ಹಾಕಿದರೂ ಇಳಿಯುತ್ತಿತ್ತು. ಅಪ್ಪ ಗ್ಯಾರೇಜಿಗೆ ಹೋದಾಗಲೆಲ್ಲ ಅವರು ಎಣ್ಣೆ ತುಂಬಿ ಕಳಿಸುತ್ತಿದ್ದರು, ಅಷ್ಟೇ. ನಾನು ಅಡಿಗೆ ಹೋಗಿ ಬಲಗಡೆಯ ಬೂಟನ್ನು, ಅಂದರೆ ಸ್ಟೀರಿಂಗ್ ತಿರುಗಿದಂತೆ ಮುಂದಿನ ಚಕ್ರಗಳನ್ನು ತಿರುಗಿಸುವ ಉದ್ದ ಕೊಳವೆಯಂಥ ರ್‍ಯಾಕಿನ ತುದಿಗೆ ಹಾಕಿರುವ ಆ ನೆರಿಗೆ ನೆರಿಗೆ ರಬ್ಬರನ್ನು, ಕೈಯಲ್ಲಿ ಹಿಂಡಿದೆ. ಒಳಗೆ ತುಂಬಿಕೊಂಡಿದ್ದ ಎಣ್ಣೆ ಕೆಂಪು ಮಣ್ಣಿನ ಜೊತೆ ಕಲಸಿಕೊಂಡು ಮೊಣಕೈವರೆಗೆ ಇಳಿಯಿತು. ಒಣಗಿ ಬಿರುಕು ಬಿಟ್ಟ ನೆರಿಗೆಯಲ್ಲಿ ಬೆರಳು ತೂರುವಷ್ಟು ತೂತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಆ ತೂತೊಂದು ಸಾಕು. ಕೆಸರು ಒಳಗೆ ಹೋಗಿ, ಅಲ್ಲಿ ಆಚೀಚೆ ಸರಿಯುವ ಶಾಫ್ಟಿಗೆ ಅಂಟುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಎಣ್ಣೆ ಹೊರಗೆ ಬಾರದಂತೆ ತಡೆಯುವ ಆಯಿಲ್ ಸೀಲನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ. ಪೂರ್ತಿ ತಿರುಗಿಸಿದಾಗ ಒಳಗಿನ ಎಣ್ಣೆಯ ಒತ್ತಡ 70 ಬಾರ್ ದಾಟಬಹುದು, ಸವೆದ ಸೀಲು ಅದನ್ನು ಎಲ್ಲಿಂದ ತಡೆಯಬೇಕು? ಅದರ ಮೇಲೆ ಆಗುಂಬೆ ಘಾಟಿಯ 14 ತಿರುವು ಬೇರೆ.

ಮಾರುತಿ 800ರ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಅದರ ರ್‍ಯಾಕಿನಲ್ಲಿ ಬರೀ ಗ್ರೀಸು. ಈಗಿನ ಹೊಸ ಕಾರುಗಳಲ್ಲಿ ಎಣ್ಣೆಯ ಬದಲು ಮೋಟಾರು ಬಂದಿದೆ. ನಡುವಿನ ಕಾಲದ ಕಾರುಗಳದ್ದೇ ಈ ಪಾಡು. ಅಂಥವು ಮಲೆನಾಡಿನ ಮನೆಗಳಲ್ಲಿ ಇನ್ನೂ ಎಷ್ಟೋ ಓಡುತ್ತಿವೆ.

ಮಿಷಿಗನ್‌ನಲ್ಲಿ ನನ್ನ ಹಳೆಯ ಕ್ಯಾಮ್ರಿ ಕಾರಿಗೂ ಇದೇ ಆಗಿತ್ತು. ಅಲ್ಲಿ ಕಾರಣ ಕೆಸರಲ್ಲ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು. ಆ ರ್‍ಯಾಕನ್ನು ಮನೆ ಮುಂದೆಯೇ ನಾನೇ ಬದಲಾಯಿಸಿದೆ. ಅದನ್ನು ಚಕ್ರಕ್ಕೆ ಜೋಡಿಸುವ ಕೀಲನ್ನು, ಅಂದರೆ ಟೈ ರಾಡ್ ಎಂಡನ್ನು, ಬಿಡಿಸುವ ಪುಲ್ಲರ್ ನನ್ನ ಹತ್ತಿರ ಇರಲಿಲ್ಲ. ಆಟೋಜೋನ್ ಅನ್ನುವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಡೆಪಾಸಿಟ್ ಇಟ್ಟು ತಂದೆ, ಕೆಲಸ ಮುಗಿಸಿ ಹಿಂದಿರುಗಿಸಿದಾಗ ದುಡ್ಡು ಪೂರ್ತಿ ಕೈಗೆ ಬಂತು. ಯಾವ ಬೋಲ್ಟಿಗೆ ಎಷ್ಟು ಬಿಗಿ ಅನ್ನುವುದು ಊರ ಲೈಬ್ರರಿಯ ಮೂಲಕ ಪುಕ್ಕಟೆ ಸಿಕ್ಕಿತು. ಪಕ್ಕದ ಮನೆಯ ರಿಟೈರ್ಡ್ ಅಜ್ಜ ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ತನ್ನ ಟಾರ್ಕ್ ರೆಂಚ್ ಹಿಡಿದುಕೊಂಡು ಬಂದ. ಸ್ಟೀರಿಂಗನ್ನು ಸೀಟ್ ಬೆಲ್ಟಿನಿಂದ ಕಟ್ಟಿದ್ದೀಯಾ ಅಂತ ಮೊದಲು ಕೇಳಿದ. ರ್‍ಯಾಕ್ ಬಿಚ್ಚಿದ ಮೇಲೆ ಸ್ಟೀರಿಂಗ್ ಸುಮ್ನೆ ತಿರುಗಿಬಿಟ್ಟರೆ ಏರ್‌ಬ್ಯಾಗಿಗೆ ಹೋಗುವ ಸುರುಳಿ ವೈರು ತುಂಡಾಗುತ್ತದೆ, ಅದಕ್ಕೆ. ಇಂಥ ಕೆಲಸ ನೀನ್ಯಾಕೆ ಮಾಡ್ತೀಯ ಅಂತ ಅವನೂ ಕೇಳಲಿಲ್ಲ, ಬೀದಿಯಲ್ಲಿ ಓಡಾಡಿದ ಬೇರೆ ಯಾರೂ ಕೇಳಲಿಲ್ಲ. ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಕೂತರೆ ಒಬ್ಬರು ಬ್ರೇಕ್ ಪ್ಯಾಡ್ ತಾವೇ ಹಾಕಿದ ಕತೆ ಹೇಳುತ್ತಾರೆ, ಇನ್ನೊಬ್ಬರು ಆಲ್ಟರ್ನೇಟರ್ ಬದಲಾಯಿಸಿದ್ದು. ಮೈಸೂರು, ದಾವಣಗೆರೆಯಲ್ಲಿ ಬಾನೆಟ್ ಕೂಡ ಎತ್ತದೆ ಬೆಳೆದವರೇ ಅವರೆಲ್ಲ.

ಹಾಗಾದರೆ ಊರಿನಲ್ಲಿ ಕೈಕೆಲಸ ಗೊತ್ತಿಲ್ಲವಾ? ನನ್ನನ್ನು ಕೆಣಕುವುದೇ ಇದು. ನನಗೆ ಆ ಮಾತು ಅಂದ ಚಿಕ್ಕಪ್ಪ ಕೊಳೆ ಔಷಧಿ ಹೊಡೆಯುವ ಪಂಪನ್ನು ತಾವೇ ಬಿಚ್ಚಿ ವಾಷರ್ ಹಾಕುತ್ತಾರೆ. ಕಳೆ ಹೊಡೆಯುವ ಮಷಿನ್ನಿನ ಕಾರ್ಬೋರೇಟರ್ ತೊಳೆಯಲು ಅವರಿಗೆ ಯಾರೂ ಬೇಡ. ಮಳೆಗಾಲದಲ್ಲಿ ತೋಟದ ಮೋಟಾರು ಕೈಕೊಟ್ಟರೆ ಅರ್ಧ ಕೇರಿ ಅಲ್ಲಿ ಸೇರುತ್ತದೆ, ಆಳು, ಯಜಮಾನ ಅನ್ನದೆ ಎಲ್ಲರ ಕೈಯೂ ಗ್ರೀಸ್ ಆಗುತ್ತದೆ. ಅಡಿಕೆ ಸುಲಿಯುವ ಯಂತ್ರದ ಬೆಲ್ಟ್ ಬದಲಾಯಿಸುವುದರಲ್ಲಿ ಅಮ್ಮನೇ ಪಳಗಿದವಳು. ಆ ಮಸಿಗೆ ಯಾರೂ ನಾಚುವುದಿಲ್ಲ. ಕಾರಿನ ಮಸಿಗೆ ಮಾತ್ರ ಮರ್ಯಾದೆಯ ಪ್ರಶ್ನೆ!

ನಮ್ಮ ಕಡೆ ಕಾರನ್ನು ಯಾರೂ ಸಾಮಾನು ಅಂತ ನೋಡಿದ್ದೇ ಇಲ್ಲ ಅಂತ ನನಗನಿಸುತ್ತದೆ. ಪಂಪು ತೋಟದ ಕೆಲಸಕ್ಕೆ ಬಂದಿದ್ದು. ಕಾರು, ಈ ಮನೆಯವರು ಮೇಲೆ ಬಂದಿದ್ದಾರೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬಂದಿದ್ದು. ಅದರಲ್ಲಿ ಕೂರುವವರು ಬೇರೆ, ಅದರಡಿ ಮಲಗುವವರು ಬೇರೆ ಅನ್ನುವ ಲೆಕ್ಕ ಮೊದಲ ದಿನವೇ ಶುರುವಾಗಿದೆ. ಆಯುಧ ಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗುತ್ತೇವೆ, ಅಲ್ವಾ? ಅಲ್ಲೇ ಇನ್ನೆರಡು ಗೇಣು ಒಳಗೆ ಟಾರ್ಚ್ ಬಿಟ್ಟು ನೋಡಿದ್ದರೆ ಹರಿದ ಬೂಟು ಕಾಣುತ್ತಿತ್ತು. ಬೂಟಿನ ಬೆಲೆ ರ್‍ಯಾಕಿನ ಬೆಲೆಯ ಮುಂದೆ ಏನೇನೂ ಅಲ್ಲ. ಗ್ಯಾರೇಜಿನವರು ಹೇಳಿದ್ದಷ್ಟೇ ಅಪ್ಪನಿಗೆ ಗೊತ್ತು, ಅವರು ಎಣ್ಣೆ ಮುಗಿದಿದೆ ಅಂತಷ್ಟೇ ಹೇಳಿದರು. ಮುಚ್ಚಿದ ವ್ಯವಸ್ಥೆಯಲ್ಲಿ ಎಣ್ಣೆ ತಾನಾಗಿ ಮುಗಿಯುವುದಿಲ್ಲ, ಎಲ್ಲೋ ಸೋರಿರಲೇಬೇಕು. ಓದು ಬರಹ ಬಲ್ಲ, ತೋಟದ ಯಂತ್ರಗಳನ್ನೆಲ್ಲ ಬಲ್ಲ ನನ್ನಪ್ಪ ಅದನ್ನು ಕೇಳಲಿಲ್ಲ. ನನಗೆ ಸಿಟ್ಟು ಬಂದಿದ್ದು ಗ್ಯಾರೇಜಿನ ಮೇಲಲ್ಲ, ಈ ಸಂಕೋಚದ ಮೇಲೆ.

ಅಂತೂ ಬಿಚ್ಚಿದೆ. ವಾಪಸ್ ಅಷ್ಟೇ ಸುತ್ತು ಹಾಕಬೇಕಲ್ಲ, ಅದಕ್ಕೆ ಟೈ ರಾಡ್ ಎಂಡ್ ಎಷ್ಟು ಸುತ್ತು ತಿರುಗಿಸಿದ ಮೇಲೆ ಕಳಚಿತು ಅಂತ ಎಣಿಸಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಎಣ್ಣೆಯ ಎರಡು ಪೈಪು ಬಿಡಿಸಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಬೋಲ್ಟ್ ತೆಗೆದು ರ್‍ಯಾಕನ್ನು ಪಕ್ಕದಿಂದ ಎಳೆದು ಹೊರಗೆ ತಂದೆ. ಗೋಣಿಚೀಲದಲ್ಲಿ ಸುತ್ತಿ ಶಿವಮೊಗ್ಗದ ಬಸ್ಸು ಹತ್ತಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು, ನನಗೆ ಅಷ್ಟು ಇಷ್ಟವಿಲ್ಲದಿದ್ದರೂ. ಅಮೆರಿಕಾದಲ್ಲಿ ನಾನು ಹಳೆಯ ರ್‍ಯಾಕ್ ವಾಪಸ್ ಕೊಟ್ಟು, ಅದಕ್ಕೆ ಹಿಡಿದಿದ್ದ ಡೆಪಾಸಿಟ್ ಬಿಡಿಸಿಕೊಂಡು, ಫ್ಯಾಕ್ಟರಿಯಲ್ಲಿ ರಿಪೇರಿ ಮಾಡಿ ಹೊಸದರಂತೆ ಮಾಡಿದ ಇನ್ನೊಂದು ಹಳೆಯದನ್ನು ಡಬ್ಬದಲ್ಲಿ ತಂದೆ. ಅದರೊಳಗೆ ಏನಿದೆ ಅಂತ ನಾನೂ ನೋಡಲಿಲ್ಲ, ಮಾರಿದವನಿಗೂ ಗೊತ್ತಿರಲಿಲ್ಲ. ಶಿವಮೊಗ್ಗದ ಮೆಕ್ಯಾನಿಕ್ ಗೋಣಿ ಬಿಚ್ಚಿ, ನನ್ನೆದುರೇ ರ್‍ಯಾಕ್ ತೆರೆದು, ಶಾಫ್ಟಿನ ಉದ್ದಕ್ಕೂ ಉಗುರು ಎಳೆದು ನೋಡಿದರು. "ಗೀರು ಬಿದ್ದಿಲ್ಲ ಸಾರ್. ಹೊಸದು ಯಾಕೆ? ಸೀಲ್ ಕಿಟ್ ಹಾಕಿದ್ರೆ ಆಯ್ತು" ಅಂದರು. ಸೀಲು, ಬುಷ್ಷು, ಎರಡೂ ಬೂಟು ಹೊಸದಾಯಿತು. ಸವೆದ ಸೀಲನ್ನು ಕೈಯಲ್ಲಿಟ್ಟು ಎಲ್ಲಿ ಹರಿದಿದೆ ಅಂತ ತೋರಿಸಿದರು. ಆ ಕೈಗುಣ ನಾನಿರುವ ಊರಿನಲ್ಲಿ ನನಗೆ ಸಿಕ್ಕಿಲ್ಲ. ಅಲ್ಲಿ ಎಲ್ಲರೂ ತಾವೇ ಮಾಡಿಕೊಳ್ಳುವುದಕ್ಕೆ ಗ್ಯಾರೇಜಿನ ಕೂಲಿ ಗಂಟೆಗೆ 100 ಡಾಲರ್ ದಾಟುವುದೂ ಒಂದು ಕಾರಣ. ಅಂಗಡಿಯವರು ಪುಲ್ಲರ್ ಕೊಡುವುದೂ ಪಾರ್ಟು ಮಾರಾಟವಾಗಲಿ ಅಂತಲೇ. ಊರಿನಲ್ಲಿ ಕೂಲಿ ಕೈಗೆಟಕುತ್ತದೆ, ಆ ಕೆಲಸದಿಂದ ಎಷ್ಟೋ ಮನೆ ನಡೆಯುತ್ತಿವೆ. ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ.

ವಾಪಸ್ ಜೋಡಿಸುವಾಗ ಪಕ್ಕದ ಮನೆಯ ಹುಡುಗ ಬಂದು ಕೂತ. ಗಾಳಿ ತೆಗೆಯಲು ಇಂಜಿನ್ ಹಚ್ಚದೆ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿಸಬೇಕು. ಅವನೇ ತಿರುಗಿಸಿದ. ಎಣ್ಣೆ ಡಬ್ಬಿಯಲ್ಲಿ ಗುಳ್ಳೆ ನಿಂತಾಗ ಅವನೇ ಮೊದಲು ಕೂಗಿದ್ದು. ಅಮ್ಮ ಬೈಯುತ್ತಲೇ ಕಾಫಿ ತಂದಿಟ್ಟಳು. ಮಿಷಿಗನ್‌ನಲ್ಲಿ ಆ ಕಾಫಿ ಇರಲಿಲ್ಲ, ಅದನ್ನೂ ಹೇಳಬೇಕು.

ಆದರೂ ನನ್ನ ಮಾತು ಬದಲಾಗಿಲ್ಲ. ಶಿವಮೊಗ್ಗದ ಯಾವುದಾದರೂ ಸ್ಪೇರ್ ಪಾರ್ಟ್ಸ್ ಅಂಗಡಿ ಒಂದು ಪುಲ್ಲರ್, ಒಂದು ಟಾರ್ಕ್ ರೆಂಚ್, ಒಂದು ಜೊತೆ ಸ್ಟ್ಯಾಂಡನ್ನು ಡೆಪಾಸಿಟ್ ಮೇಲೆ ಕೊಡಲು ಶುರು ಮಾಡಲಿ. ರ್‍ಯಾಕ್ ಒಳಗಿನ ಕೆಲಸ ಬಲ್ಲವರೇ ಮಾಡಲಿ, ಚಕ್ರಗಳ ನೇರ ಸರಿ ಮಾಡುವ ಅಲೈನ್‌ಮೆಂಟಿಗೂ ಪೇಟೆಗೆ ಹೋಗಲೇಬೇಕು. ಬಿಚ್ಚುವುದು, ಜೋಡಿಸುವುದು ನಮ್ಮ ಅಂಗಳದಲ್ಲೇ ಆಗಲಿ. ಅಷ್ಟು ಆಗುವವರೆಗೆ, ಮಳೆ ಹಿಡಿಯುವ ಮುಂಚೆ ಮುಂದಿನ ಚಕ್ರವನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಬೂಟಿನ ನೆರಿಗೆಗಳನ್ನು ನೋಡಿ. ಆಮೇಲೆ ಇನ್ನೊಂದು ಕಡೆಗೂ ತಿರುಗಿಸಿ ನೋಡಿ.