ಟೈರಿಗೂ ಕೂದಲಿರುತ್ತದೆ

ಮೆಕ್ಯಾನಿಕ್ ನನ್ನ ಬೈಕಿನ ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿ, "ಪೂರ್ತಿ ಬೋಳು ಸಾರ್" ಎಂದ. ನನ್ನ ಕೈ ತಾನಾಗಿ ನೆತ್ತಿಗೆ ಹೋಯಿತು. ಅವನು ನನ್ನ ತಲೆ ನೋಡಿದ, ಆದರೆ ನಗಲಿಲ್ಲ. ಆ ದೊಡ್ಡತನಕ್ಕೆ ಸೋತು, ಅವನು ಅವತ್ತು ಹೇಳಿದ ರಿಪೇರಿಗಳನ್ನೆಲ್ಲ ಮಾಡಿಸಿಬಿಟ್ಟೆ.

ಟೈರಿನ ಮೈಮೇಲೆ ಕಾಲುವೆಗಳಿರುತ್ತವೆ. ಆ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಚಿಕ್ಕ ದಿಬ್ಬಗಳಿರುತ್ತವೆ. ಟೈರ್ ಸವೆದು ಈ ದಿಬ್ಬಗಳ ಮಟ್ಟಕ್ಕೆ ಬಂದರೆ ಅದರ ಕತೆ ಮುಗಿಯಿತು. ದಿಬ್ಬ ಎಲ್ಲಿದೆ ಅಂತ ಹುಡುಕಲು ಪಕ್ಕದಲ್ಲಿ 'ಟಿಡಬ್ಲ್ಯೂಐ' ಎಂಬ ಗುರುತೂ ಇರುತ್ತದೆ. ನನ್ನ ಟೈರಿನ ನಡುವೆ ಕಾಲುವೆಯೂ ಇರಲಿಲ್ಲ, ದಿಬ್ಬವೂ ಇರಲಿಲ್ಲ. ಗುರುತು ಮಾತ್ರ ಇತ್ತು. "ಮಳೆ ಬಂದ್ರೆ ನೀರು ಎಲ್ಲಿಂದ ಹೋಗ್ಬೇಕು ಸಾರ್?" ಎಂದು ಮೆಕ್ಯಾನಿಕ್ ಕೇಳಿದ. ನಾನು ಆಕಾಶ ನೋಡಿದೆ.

ಹೊಸ ಟೈರ್ ಕೊಳ್ಳುವುದು ಅರ್ಧ ಗಂಟೆಯ ಕೆಲಸ. ನಾನು ಮೂರು ವಾರ ಓದಿದೆ. "ಮನೆ ಕಟ್ಟಿಸುವಾಗಲೂ ಇಷ್ಟು ಓದಿರಲಿಲ್ಲ ನೀವು" ಎಂದಳು ಹೆಂಡತಿ. ಓದಿದ್ದರಲ್ಲಿ ನನ್ನನ್ನು ನಡುಗಿಸಿದ್ದು ಒಂದೇ ವಿಷಯ. ಇಷ್ಟು ಭಾರದ ಬೈಕು, ಅದರ ಮೇಲೆ ಇಷ್ಟು ಭಾರದ ನಾನು, ಎಲ್ಲ ಸೇರಿ ರಸ್ತೆಗೆ ಅಂಟಿಕೊಂಡಿರುವುದು ಒಂದೊಂದು ಚಕ್ರದಡಿ ಸುಮಾರು ಅಂಗೈಯಷ್ಟು ರಬ್ಬರಿನಿಂದ! ಅದನ್ನು ಓದಿದ ಮೇಲೆ ಎರಡು ದಿನ ಬಸ್ಸಿನಲ್ಲಿ ಓಡಾಡಿದೆ.

ಸಲಹೆ ಕೊಡುವವರಿಗೇನು ಬರವೇ? ಒಬ್ಬ ಗೆಳೆಯ ಮೆತ್ತನೆ ರಬ್ಬರಿನದು ತಗೋ, ಫೆವಿಕಾಲ್ ಥರ ಹಿಡಿಯುತ್ತೆ ಅಂದ. ಇನ್ನೊಬ್ಬ, ಮೆತ್ತನೆಯದು ಬೇಗ ಸವೆಯುತ್ತೆ, ಗಟ್ಟಿಯದೇ ತಗೋ ಅಂದ. ನಡುವೆ ಗಟ್ಟಿ, ಪಕ್ಕಗಳಲ್ಲಿ ಮೆತ್ತಗೆ ಇರುವ ಟೈರುಗಳೂ ಇವೆ ಎಂದು ಹೇಳಿ ಮೂರನೆಯವನು ಇಬ್ಬರ ಬಾಯನ್ನೂ ಮುಚ್ಚಿಸಿದ. ರೇಸಿನ ಟೈರ್ ಹಾಕಿದರೆ ಹೇಗೆ ಎಂಬ ಆಸೆಯೂ ನನಗೆ ಬಂದಿತ್ತು. ಆದರೆ ಅದು ಚೆನ್ನಾಗಿ ಬಿಸಿಯಾದರೆ ಮಾತ್ರ ಹಿಡಿತ ಕೊಡುತ್ತದಂತೆ. ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಬಿಸಿಯಾಗುವುದು ನನ್ನ ತಲೆ ಮಾತ್ರ.

ಆಮೇಲೆ ಟೈರಿನ ಜಾತಕ ಓದುವುದನ್ನು ಕಲಿತೆ. ನನ್ನದರ ಮೇಲೆ 140/70-17 66ಎಚ್ ಎಂದಿತ್ತು. 140 ಅಂದರೆ ಅಗಲ, ಮಿಲಿಮೀಟರ್ ಲೆಕ್ಕ. 70 ಎತ್ತರ ಅಂದುಕೊಂಡಿದ್ದೆ. ಅಲ್ಲ, ಅಗಲದ ಶೇಕಡಾ 70 ಎತ್ತರ, ಅಂದರೆ 98 ಮಿಲಿಮೀಟರ್. 17 ರಿಮ್ಮಿನ ಅಳತೆ, ಅದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ತುರುಕಿದವನಿಗೆ ನಮ್ಮಂಥವರ ಮೇಲೆ ಏನು ಸಿಟ್ಟಿತ್ತೋ. 66 ಅಂದರೆ ಆ ಟೈರ್ 300 ಕೆ.ಜಿ. ಹೊರಬಲ್ಲದು. ಎಚ್ ಅಂದರೆ 210 ಕಿಲೋಮೀಟರ್ ವೇಗ ತಾಳಬಲ್ಲದು. ನನ್ನ ಬೈಕು 90 ದಾಟಿದರೆ ನಡುಗುತ್ತದೆ. "300 ಕೆ.ಜಿ. ಸರಿಯಾಗೇ ಇದೆ" ಎಂದಳು ಹೆಂಡತಿ, ನನ್ನನ್ನೇ ನೋಡುತ್ತ.

ಇಷ್ಟು ಕಲಿತವನು ಅಂಗಡಿಯಲ್ಲಿ ಸುಮ್ನೆ ಇರುತ್ತಾನೆಯೇ? "ಒಂದು ಸೈಜ್ ದಪ್ಪದ್ದೇ ಹಾಕಿ, ನೋಡೋಕೆ ಗತ್ತಾಗಿರುತ್ತೆ" ಎಂದೆ. ಅಂಗಡಿಯವನು ಟೈರಿಗೂ ಚೈನಿಗೂ ನಡುವೆ ಕಿರುಬೆರಳು ತೂರಿಸಿ ತೋರಿಸಿದ. ಅದೂ ಕಷ್ಟಪಟ್ಟು ತೂರಿತು. "ಹಾಕ್ತೀನಿ ಸಾರ್. ಚೈನ್ ಬಿಚ್ಚಿ ಕವರಲ್ಲಿ ಹಾಕಿ ಕೊಡ್ಲಾ?" ಎಂದ. ಸಣ್ಣ ರಿಮ್ಮಿಗೆ ದಪ್ಪ ಟೈರ್ ಹಾಕಿದರೆ ಅಂಚುಗಳು ಒಳಕ್ಕೆ ಹಿಸುಕಿಕೊಂಡು ಟೈರಿನ ಆಕಾರವೇ ಕೆಡುತ್ತದೆ ಎಂದೂ ಹೇಳಿದ. "ಬೆಲ್ಟ್ ಬಿಗಿ ಮಾಡಿದ್ರೆ ಹೊಟ್ಟೆ ಏನಾಗುತ್ತೆ, ಹಂಗೆ ಸಾರ್." ತಲೆ ಮುಗಿದಿತ್ತು, ಈಗ ಹೊಟ್ಟೆ.

ಹೋದ ಮಾನ ವಾಪಸ್ ತರಲು, ಟೈರ್ ಯಾವಾಗ ತಯಾರಾಯಿತು ಎಂಬ ವಿಷಯ ಎತ್ತಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅವನು ತಂದ ಟೈರಿನ ಮೇಲೆ 4024 ಎಂದಿತ್ತು. ಗಡಿಬಿಡಿಯಲ್ಲಿ ಉಲ್ಟಾ ಓದಿದೆ. "24ನೇ ವಾರ, 2040ನೇ ಇಸವಿ!" ಎಂದು ಗಟ್ಟಿಯಾಗಿ ಸಾರಿದೆ. ಅಂಗಡಿಯಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. "ಹಾಗಾದ್ರೆ ಇದಿನ್ನೂ ಹುಟ್ಟೇ ಇಲ್ಲ ಸಾರ್" ಎಂದ ಅವನು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸೋಪಿನ ನೀರು ಸವರಿ, ಟೈರ್ ಕೂರಿಸಿ, ಗಾಳಿ ತುಂಬಿದರು. ಅಂಚು ರಿಮ್ಮಿಗೆ ಕೂರುವಾಗ 'ಢಬ್' ಎಂದಿತು. ನಾನು ಒಂದಡಿ ಹಾರಿದೆ. ಅದು ಸರಿಯಾಗಿ ಕೂತ ಸದ್ದಂತೆ, ಮೊದಲೇ ಹೇಳಬಾರದಿತ್ತಾ? ಚಕ್ರ ಬೈಕಿಗೆ ಸೇರಿದ ಮೇಲೆ ಬಗ್ಗಿ ನೋಡಿದೆ. ಟೈರ್ ತಿರುಗಬೇಕಾದ ದಿಕ್ಕಿಗೆ ಒಂದು ಬಾಣದ ಗುರುತು ಇರುತ್ತದೆ. ನನ್ನದರಲ್ಲಿ ಬಾಣ ಹಿಂದಕ್ಕೆ ತೋರಿಸುತ್ತಿತ್ತು! "ಉಲ್ಟಾ ಹಾಕಿದ್ದೀರಿ!" ಎಂದು ಕೂಗಿದೆ. ಸಿಕ್ಕಿಬಿದ್ದರು ಎಂಬ ಖುಷಿ ನನಗೆ. ಕೆಲಸದ ಹುಡುಗ ಏನೂ ಹೇಳಲಿಲ್ಲ. ಬೈಕನ್ನು ಮೆಲ್ಲಗೆ ಎರಡು ಹೆಜ್ಜೆ ಮುಂದಕ್ಕೆ ತಳ್ಳಿದ. ಕೆಳಗಿದ್ದ ಬಾಣ ಮೇಲಕ್ಕೆ ಬಂತು. ಈಗ ಅದು ಮುಂದಕ್ಕೆ ತೋರಿಸುತ್ತಿತ್ತು. ಚಕ್ರ ಗುಂಡಗಿರುತ್ತದೆ ಎಂಬುದನ್ನು ಮೂರು ವಾರದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಹೊಸ ಟೈರ್ ಜಾರುತ್ತದೆ, ಮೈ ಇನ್ನೂ ನುಣುಪಾಗಿರುತ್ತದೆ, ಮೊದಲ ನೂರೈವತ್ತು ಕಿಲೋಮೀಟರ್ ಹುಷಾರು ಎಂದು ಕಳಿಸಿದರು. ಎಷ್ಟು ಹುಷಾರಾಗಿ ಬಂದೆನೆಂದರೆ, ಸೈಕಲ್ ಹುಡುಗನೊಬ್ಬ ನನ್ನನ್ನು ದಾಟಿ ಹೋಗಿ, ನಿಂತು, "ಪೆಟ್ರೋಲ್ ಖಾಲಿಯಾಯ್ತಾ ಅಂಕಲ್?" ಎಂದು ಕೇಳಿದ.

ಮನೆಯಲ್ಲಿ ಮಗ ಓಡಿ ಬಂದ. "ಅಪ್ಪಾ, ಟೈರಿಗೆ ಕೂದಲು ಬಂದಿದೆ!" ನಿಜ. ಟೈರಿನ ಮೈತುಂಬ ಸಣ್ಣ ರಬ್ಬರ್ ಕೂದಲು. ಟೈರಿನ ಅಚ್ಚಿನಲ್ಲಿ ಗಾಳಿ ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ, ಬಿಸಿ ರಬ್ಬರ್ ಅದರೊಳಗೆ ನುಗ್ಗಿ ಹೀಗಾಗುತ್ತದೆ ಎಂದು ವಿವರಿಸಿದೆ. ಅವನು ಸ್ವಲ್ಪ ಯೋಚಿಸಿ, "ನಿನ್ನನ್ನೂ ಆ ಅಚ್ಚಿಗೆ ಹಾಕೋಕಾಗಲ್ವಾ?" ಎಂದ.

ಇದಾಗಿ ಒಂದು ತಿಂಗಳಾಯಿತು. ತಿರುವಿನಲ್ಲಿ ಬೈಕ್ ವಾಲಿಸುವ ಧೈರ್ಯ ನನಗಿಲ್ಲ. ನಾನು ಕಂಬದ ಹಾಗೆ ನೆಟ್ಟಗೆ ಕೂತು ಓಡಿಸುವವನು. ಹಾಗಾಗಿ ಟೈರಿನ ನಡುಭಾಗ ಮಾತ್ರ ರಸ್ತೆಗೆ ಉಜ್ಜುತ್ತದೆ. ಮೊನ್ನೆ ಬೈಕ್ ತೊಳೆಯುವಾಗ ಮಗ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ. ನಡುವಿನ ಕೂದಲೆಲ್ಲ ಉದುರಿ ಹೋಗಿತ್ತು. ಎರಡೂ ಪಕ್ಕದಲ್ಲಿ ಮಾತ್ರ ಹಾಗೇ ಇತ್ತು. ಅವನು ಟೈರ್ ನೋಡಿದ. ನನ್ನ ತಲೆ ನೋಡಿದ. ಮತ್ತೆ ಟೈರ್ ನೋಡಿದ.

"ಅಮ್ಮಾ, ಬೇಗ ಬಾ ಇಲ್ಲಿ!" ಎಂದು ಒಳಗೆ ಓಡಿದ.