ಒಂದು ಬೀಪಿಗಾಗಿ

ಡೆಸ್ಕ್‌ಟಾಪ್ ಕಂಪ್ಯೂಟರ್ ಆನ್ ಆಗದಿರುವುದರಲ್ಲೂ ಹಲವು ಬಗೆಗಳಿವೆ. ಗುಂಡಿ ಒತ್ತಿದರೆ ಫ್ಯಾನಿನ ಸದ್ದಿಲ್ಲ, ದೀಪವಿಲ್ಲ, ಉಸಿರೇ ಇಲ್ಲ, ಇದೊಂದು ಬಗೆ. ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಮಾನಿಟರ್ ಮಾತ್ರ ಕಪ್ಪು ಮೋರೆ ಹಾಕಿಕೊಂಡು ಕುಳಿತಿರುತ್ತದೆ, ಇದು ಇನ್ನೊಂದು. ಒಂದು ಕ್ಷಣ ಗುರ್ ಎಂದು ತಾನಾಗಿಯೇ ಆರಿ, ಮತ್ತೆ ತಾನಾಗಿಯೇ ಗುರ್ ಎಂದು, ನಾವು ಪ್ಲಗ್ ಕೀಳುವವರೆಗೂ ಆಟವಾಡಿಸುವುದು ಮತ್ತೊಂದು. ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಕೊನೆಯದು: ಎಲ್ಲವೂ ಸರಿಯಾಗಿ ಬಂದು, ಮದರ್‌ಬೋರ್ಡಿನ, ಅಂದರೆ ಒಳಗಿನ ಭಾಗಗಳೆಲ್ಲ ಬಂದು ಕೂಡುವ ಮುಖ್ಯ ಹಲಗೆಯ, ಕಂಪನಿಯ ಲಾಂಛನವೂ ಮೂಡಿ, ಇನ್ನೇನು ಎನ್ನುವಾಗ ಕಪ್ಪು ಪರದೆಯ ಮೇಲೆ ‘ಡಿಸ್ಕ್ ಬೂಟ್ ಫೇಲ್ಯೂರ್’ ಎಂದು ಬಿಳಿ ಅಕ್ಷರದಲ್ಲಿ ಬರೆದು ನಿಂತುಬಿಡುವುದು. ಇಷ್ಟು ಬಗೆಗಳಿದ್ದರೂ ರಿಪೇರಿ ಅಂಗಡಿಗೆ ಫೋನ್ ಮಾಡಿ ನಾವು ಹೇಳುವುದು ಒಂದೇ ಮಾತು: “ಕಂಪ್ಯೂಟರ್ ಆನ್ ಆಗುತ್ತಿಲ್ಲ.” ಅವರು ಹೇಳುವುದೂ ಒಂದೇ ಮಾತು: “ತಂದುಬಿಡಿ ಸರ್, ನೋಡೋಣ.”

ಹೊತ್ತುಕೊಂಡು ಹೋಗುವುದಕ್ಕೆ ಮೊದಲು ನಾನೇ ಒಮ್ಮೆ ನೋಡಿಬಿಡುವುದು ನನ್ನ ಚಟ. ಅದಕ್ಕೆ ಈ ಯಂತ್ರ ಅವಕಾಶ ಕೊಡುತ್ತದೆ ಎನ್ನುವುದೇ ಅದರ ಮೇಲೆ ನನಗಿರುವ ಪ್ರೀತಿಗೆ ಕಾರಣ. ಮೊಬೈಲ್ ಸತ್ತರೆ ಅದರ ಹೊಟ್ಟೆ ಬಗೆದು ನೋಡುವಂತಿಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಡೆಸ್ಕ್‌ಟಾಪಿನ ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಹಿಂದಕ್ಕೆ ಎಳೆದರೆ ಸಾಕು, ಒಳಗಿರುವುದೆಲ್ಲ ಕಣ್ಣೆದುರಿಗೆ ಬರುತ್ತದೆ. ಅದರಲ್ಲೂ ನಮ್ಮ ಮನೆಯದು ಅಸೆಂಬಲ್ ಮಾಡಿಸಿದ್ದು. ಬೋರ್ಡು ಒಂದು ಕಂಪನಿಯದು, ತಾತ್ಕಾಲಿಕ ಮೆಮೊರಿಯಾದ ರ್‍ಯಾಮು ಇನ್ನೊಂದರದು, ಕ್ಯಾಬಿನೆಟ್ಟು ಹೆಸರೇ ಇಲ್ಲದ್ದು. ಎಲ್ಲವೂ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಿಂದ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡಿನಿಂದ, ಶಿವಮೊಗ್ಗದ ರೈಲು ಹತ್ತಿ ಬಂದವು. ಇಂಥ ಕೂಡು ಕುಟುಂಬದಲ್ಲಿ ತಪ್ಪು ಯಾರದೆಂದು ಹುಡುಕುವುದಕ್ಕೆ ಸ್ವಲ್ಪ ತಾಳ್ಮೆ ಬೇಕು, ಅಷ್ಟೆ.

ತಾಳ್ಮೆಗೆ ಅಡ್ಡಿ ಮನೆಯವರದು. ಕೊಟ್ಟಿಗೆಯಲ್ಲಿ ಹಸು ಮೇವು ಬಿಟ್ಟಾಗ ಊರಿನವರೆಲ್ಲ ಬಂದು ಒಂದೊಂದು ಮದ್ದು ಹೇಳಿ ಹೋಗುವ ಹಾಗೆ, ಕಂಪ್ಯೂಟರ್ ಕೆಟ್ಟಾಗಲೂ ಎಲ್ಲರ ಬಳಿಯೂ ಒಂದು ಕಾರಣ ಸಿದ್ಧವಿರುತ್ತದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಾಗಿಲಲ್ಲೇ ನಿಂತು, “ವೈರಸ್ ಬಂದಿರಬೇಕು” ಎನ್ನುತ್ತಾರೆ. ಕರೆಂಟೇ ಒಳಗೆ ಹೋಗದ ಡಬ್ಬಕ್ಕೆ ವೈರಸ್ ಏನು ಮಾಡೀತು ಎಂದರೆ, “ಈಗಿನ ವೈರಸ್‌ಗಳನ್ನು ಹೇಳುವ ಹಾಗಿಲ್ಲ” ಎಂದು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಎಂಜಿನಿಯರಿಂಗ್ ಓದುವ ಅಕ್ಕನ ಮಗನದು ಒಂದೇ ಪರಿಹಾರ: “ಮಾಮ, ಫಾರ್ಮ್ಯಾಟ್ ಮಾಡಿಬಿಡೋಣ.” ಆನ್ ಆಗದ್ದನ್ನು ಫಾರ್ಮ್ಯಾಟ್ ಮಾಡುವುದು ಹೇಗೆಂದು ಅವನ ಕಾಲೇಜಿನಲ್ಲಿ ಇನ್ನೂ ಹೇಳಿಕೊಟ್ಟಿಲ್ಲ. ಅತ್ತೆಯವರು ಮಾತ್ರ ಮೆಲ್ಲಗೆ, “ಆಯುಧಪೂಜೆಯಲ್ಲಿ ಅಷ್ಟೊಂದು ಕುಂಕುಮ ಹಚ್ಚಬೇಡಿ ಎಂದು ನಾನು ಅಂದೇ ಹೇಳಿದ್ದೆ” ಎಂದರು. ನಗುವ ಮಾತಲ್ಲ ಅದು. ಕ್ಯಾಬಿನೆಟ್ಟಿನ ಮುಂಭಾಗದ ಫ್ಯಾನು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಜಾಲರಿಯ ಮೇಲೆ ಹಚ್ಚಿದ ಕುಂಕುಮ, ಸಿಕ್ಕಿಸಿದ ಚೆಂಡುಹೂವಿನ ಎಸಳು ಎಲ್ಲವೂ ನಿಧಾನವಾಗಿ ಗರ್ಭಗುಡಿ ಸೇರುತ್ತವೆ. ಮೂವರಲ್ಲಿ ಯಂತ್ರದ ದಾರಿಯಲ್ಲಿ ಯೋಚಿಸಿದವರು ಅತ್ತೆಯವರೊಬ್ಬರೇ.

ನನ್ನ ಕ್ರಮವೇನೆಂದರೆ ಗೋಡೆಯಿಂದ ಶುರುಮಾಡುವುದು. ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ಕರೆಂಟಿದೆಯೇ ನೋಡುವುದು. ಬ್ಯಾಟರಿ ಸತ್ತ ಯುಪಿಎಸ್ ಕೆಲವೊಮ್ಮೆ ಗೋಡೆಯಲ್ಲಿ ಕರೆಂಟಿದ್ದರೂ ಮುಂದಕ್ಕೆ ಬಿಡುವುದಿಲ್ಲ. ಅದನ್ನು ನಡುವಿನಿಂದ ತೆಗೆದು ನೇರವಾಗಿ ಕೊಡುವುದು. ಕ್ಯಾಬಿನೆಟ್ಟಿನ ಹಿಂದೆ ಚುಚ್ಚಿದ ಕೇಬಲ್ಲು ನೆಲ ಒರೆಸುವ ಕೋಲಿಗೆ ತಾಗಿ ಕೂದಲೆಳೆಯಷ್ಟು ಹೊರಬಂದಿರುವುದುಂಟು. ಅಲ್ಲೇ ಪಕ್ಕದಲ್ಲಿ ಪುಟ್ಟ ಸ್ವಿಚ್ಚೊಂದಿದೆ. ಮೇಜಿನ ಕೆಳಗೆ ಕಣ್ಣಾಮುಚ್ಚಾಲೆ ಆಡುವ ಮಕ್ಕಳಿಗೆ ಅದು ಬಹಳ ಇಷ್ಟ. ಹಳೆಯ ಡಬ್ಬಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚೂ ಇರುತ್ತದೆ. ನಮ್ಮ 230 ವೋಲ್ಟಿನ ದೇಶದಲ್ಲಿ ಅದನ್ನು ಯಾವ ಮಗುವಾದರೂ 115ಕ್ಕೆ ತಳ್ಳಿದರೆ ಮುಂದಿನ ಬಾರಿ ಢಂ ಎನ್ನುವ ಸದ್ದು ಬೀದಿಗೆ ಕೇಳುತ್ತದೆ.

ಮಲೆನಾಡಿನಲ್ಲಿ ಇನ್ನೊಂದನ್ನು ಕೇಳಲೇಬೇಕು: ನಿನ್ನೆ ಗುಡುಗಿತ್ತೇ? ಏಪ್ರಿಲ್, ಮೇ ತಿಂಗಳ ಸಂಜೆ ದೂರದಲ್ಲಿ ಗುಡುಗು ಕೇಳಿದೊಡನೆ ಟಿವಿ, ಕಂಪ್ಯೂಟರುಗಳ ಪ್ಲಗ್ ಕೀಳಲು ಓಡುವುದು ಇಲ್ಲಿಯ ಮನೆಗಳ ದಿನಚರಿ. ಆದರೆ ಸ್ಥಿರ ದೂರವಾಣಿಯ ತಂತಿಯಲ್ಲಿ ಇಂಟರ್‌ನೆಟ್ ಬರುತ್ತಿದ್ದ ಕಾಲದಲ್ಲಿ ಪ್ಲಗ್ ಕಿತ್ತು ನಿಶ್ಚಿಂತೆಯಿಂದ ಕುಳಿತವರ ಮನೆಗೂ ಸಿಡಿಲು ಹಿಂಬಾಗಿಲಿನಿಂದ ಬರುತ್ತಿತ್ತು. ಕಂಬದಿಂದ ಫೋನಿನ ತಂತಿ, ತಂತಿಯಿಂದ ಮೋಡೆಮ್, ಮೋಡೆಮಿನಿಂದ ನೆಟ್‌ವರ್ಕ್ ಕೇಬಲ್ ಹಿಡಿದು ನೇರ ಮದರ್‌ಬೋರ್ಡಿಗೆ. ಎಷ್ಟೋ ಬೋರ್ಡುಗಳು ಹಾಗೆಯೇ ಹೋದವು.

ಗೋಡೆಯಲ್ಲಿ ತಪ್ಪಿಲ್ಲ ಎಂದಾದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಗೋಡೆಯ 230 ವೋಲ್ಟನ್ನು 12, 5, 3.3 ಎಂದು ಪಾಲು ಮಾಡಿ ಒಳಗಿನವರಿಗೆ ಹಂಚುವ ತಗಡಿನ ಪೆಟ್ಟಿಗೆ ಇದು. ಅದು ಬದುಕಿದೆಯೇ ಎಂದು ತಿಳಿಯಲು ರಿಪೇರಿಯವರು ಮಾಡುವ ಉಪಾಯ ನನಗೆ ಬಹಳ ಮೆಚ್ಚುಗೆ. ಪ್ಲಗ್ ಕಿತ್ತು, ಬೋರ್ಡಿಗೆ ಚುಚ್ಚಿದ 24 ಪಿನ್ನಿನ ದೊಡ್ಡ ಕನೆಕ್ಟರನ್ನೂ ಉಳಿದ ತಂತಿಗಳನ್ನೂ ಬಿಡಿಸಿ, ಜೆಮ್ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ ಆ ಕನೆಕ್ಟರಿನಲ್ಲಿ ಇರುವ ಒಂದೇ ಒಂದು ಹಸಿರು ತಂತಿಯ ಕಿಂಡಿಗೂ ಪಕ್ಕದ ಕಪ್ಪು ತಂತಿಯ ಕಿಂಡಿಗೂ ಸೇತುವೆ ಹಾಕುತ್ತಾರೆ. ಆಮೇಲೆ ಕರೆಂಟು ಕೊಟ್ಟರೆ ಪೆಟ್ಟಿಗೆಯ ಫ್ಯಾನು ತಿರುಗಬೇಕು. ನಾವು ಮುಂಭಾಗದ ಗುಂಡಿ ಒತ್ತಿದಾಗ ಬೋರ್ಡು ಮಾಡುವುದೂ ಇದನ್ನೇ: ಹಸಿರನ್ನು ಕಪ್ಪಿಗೆ ಮುಟ್ಟಿಸಿ ‘ಏಳು’ ಎನ್ನುವುದು. ಫ್ಯಾನು ತಿರುಗಿದ ಮಾತ್ರಕ್ಕೆ ಪೆಟ್ಟಿಗೆ ಪೂರ್ತಿ ಆರೋಗ್ಯವಾಗಿದೆ ಎಂದಲ್ಲ. ಹೊರೆ ಬಿದ್ದಾಗ ಕುಸಿಯುವ ಪೆಟ್ಟಿಗೆಗಳೂ ಇವೆ. ತಿರುಗದಿದ್ದರೆ ಮಾತ್ರ ಹೊಸದು ತರುವುದೇ ಸರಿ. ಹಳೆಯದರ ತಗಡು ಬಿಚ್ಚಿ ಒಳಗೆ ಕೈ ಹಾಕುವ ಶೌರ್ಯ ಬೇಡ, ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಗುಂಡಿಯೇ ಕೆಟ್ಟಿರುವುದೂ ಉಂಟು. ಎಲ್ಲ ಅಂಗಗಳೂ ಗಟ್ಟಿಮುಟ್ಟಾಗಿದ್ದು, ದಿನವೂ ಒತ್ತಿಸಿಕೊಂಡ ಪ್ಲಾಸ್ಟಿಕ್ ಗುಂಡಿಯೊಂದು ಒಳಗೆ ಸವೆದಿದ್ದಕ್ಕೆ ಮನೆಯವರೆಲ್ಲ ಹೊಸ ಕಂಪ್ಯೂಟರಿನ ದರ ವಿಚಾರಿಸುತ್ತಿರುತ್ತಾರೆ. ಇದಕ್ಕೆ ಪರಿಹಾರ ಪುಕ್ಕಟೆ. ರೀಸೆಟ್ ಗುಂಡಿಯ ತಂತಿಯನ್ನು ಕಿತ್ತು ಪವರ್ ಗುಂಡಿಯ ಪಿನ್ನುಗಳಿಗೆ ಚುಚ್ಚಿದರೆ ಇಷ್ಟು ವರ್ಷ ಕೆಲಸವಿಲ್ಲದೆ ಕುಳಿತಿದ್ದ ರೀಸೆಟ್ಟಿಗೂ ಒಂದು ನೌಕರಿ ಸಿಗುತ್ತದೆ.

ಇನ್ನು ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಇಲ್ಲ ಎನ್ನುವ ಬಗೆ. ನನ್ನ ಪ್ರಕಾರ ಅತ್ಯಂತ ಸ್ವಾರಸ್ಯದ್ದು ಇದೇ. ಮಾನಿಟರಿನ ಕಿತ್ತಳೆ ದೀಪ ಮಿಣುಕುತ್ತಿದ್ದರೆ ಅದರ ತಪ್ಪಿಲ್ಲ, ಡಬ್ಬದಿಂದ ಏನೂ ಬರುತ್ತಿಲ್ಲ ಎಂದು ಅರ್ಥ. ಈಗ ಕಣ್ಣಿನ ಕೆಲಸ ಮುಗಿದು ಕಿವಿಯ ಕೆಲಸ ಶುರುವಾಗುತ್ತದೆ. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯ ಕಾಲದಿಂದಲೂ ಈ ಜಾತಿಯ ಯಂತ್ರಗಳಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ಎದ್ದ ಕೂಡಲೇ ನಮ್ಮ ಕೆಲಸಕ್ಕೆ ಇಳಿಯುವುದಿಲ್ಲ. ಮೊದಲು ತನ್ನ ಮೈಯನ್ನೇ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತದೆ. ಮೆಮೊರಿ ಇದೆಯೇ, ಡಿಸ್‌ಪ್ಲೇ ಇದೆಯೇ, ಕೀಬೋರ್ಡ್ ಇದೆಯೇ. ಎಲ್ಲವೂ ಇದ್ದರೆ ಒಂದು ಚಿಕ್ಕ ಬೀಪ್. ಇಲ್ಲದಿದ್ದರೆ ಪರದೆಯ ಮೇಲೆ ಬರೆಯಲಾಗದ ಸಂಕಟವನ್ನು ಸದ್ದಿನಲ್ಲಿ ಹೇಳುತ್ತದೆ. ಈ ತಪಾಸಣೆ ನಡೆಸುವ, ಬೋರ್ಡಿನೊಳಗಿನ ತಂತ್ರಾಂಶಕ್ಕೆ ಬಯಾಸ್ ಎನ್ನುತ್ತಾರೆ. ಅವಾರ್ಡ್ ಕಂಪನಿಯ ಬಯಾಸ್ ಇದ್ದ ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಕೇಳಿದರೆ ಡಿಸ್‌ಪ್ಲೇ ಕಾರ್ಡು. ಉದ್ದನೆಯ ಸದ್ದು ಮತ್ತೆ ಮತ್ತೆ ಬರುತ್ತಿದ್ದರೆ ರ್‍ಯಾಮು. ಇಷ್ಟು ಪ್ರಾಮಾಣಿಕವಾಗಿ ತನ್ನ ನೋವಿನ ಜಾಗ ಹೇಳುವ ವಸ್ತು ನಮ್ಮ ಮನೆಯಲ್ಲಿ ಬೇರೊಂದಿಲ್ಲ. ಮನುಷ್ಯರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಈಗಿನ ಕ್ಯಾಬಿನೆಟ್ಟುಗಳ ಜೊತೆ ಆ ಕಡಲೆಬೀಜದಷ್ಟು ಸ್ಪೀಕರನ್ನು ಕೊಡುವುದನ್ನೇ ನಿಲ್ಲಿಸಿದ್ದಾರೆ. ಬದಲಿಗೆ ಕೆಲವು ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ, ಯಾವ ಭಾಗದ ದೀಪ ಉರಿಯುತ್ತಲೇ ಇರುತ್ತದೋ ಅಲ್ಲಿ ತೊಂದರೆ. ಉಪಯೋಗದ್ದೇ, ಒಪ್ಪುತ್ತೇನೆ. ಆದರೆ ಅದನ್ನು ನೋಡಲು ಮೇಜಿನ ಕೆಳಗೆ ತಲೆ ತೂರಿಸಬೇಕು. ಬೀಪ್ ಅಡುಗೆಮನೆಗೂ ಕೇಳುತ್ತಿತ್ತು.

ರ್‍ಯಾಮಿನ ಸದ್ದು ಬಂದರೆ ನನಗೆ ಒಳಗೊಳಗೇ ಖುಷಿ. ಏಕೆಂದರೆ ಅದರ ಮದ್ದು ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಎರಡು ತುದಿಯ ಬಿಳಿ ಕೊಕ್ಕೆಗಳನ್ನು ಹೊರಕ್ಕೆ ಒತ್ತಿದರೆ ರ್‍ಯಾಮಿನ ಪಟ್ಟಿ ತಾನೇ ಮೇಲೆದ್ದು ಬರುತ್ತದೆ. ಅಂಚಿನಲ್ಲಿ ಚಿನ್ನದ ಲೇಪದ ಪುಟ್ಟ ಹಲ್ಲುಗಳ ಸಾಲು. ಚಿನ್ನ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಶಿವಮೊಗ್ಗದ ಮಳೆಗಾಲದ ಥಂಡಿ, ಧೂಳು, ಯಾರದೋ ಬೆರಳಿನ ಜಿಡ್ಡು ಸೇರಿ ಅದರ ಮೇಲೆ ಮಸುಕಾದ ಪೊರೆ ಕೂರುತ್ತದೆ. ಪೆನ್ಸಿಲ್ ಅಳಿಸುವ ಮೆದುವಾದ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಬೇಕು. ಶಾಯಿ ಅಳಿಸುವ ಒರಟು ರಬ್ಬರು ಚಿನ್ನವನ್ನೇ ಕೆರೆದುಬಿಡುತ್ತದೆ. ರಬ್ಬರಿನ ಪುಡಿ ಬೂದುಬಣ್ಣಕ್ಕೆ ತಿರುಗಿ ಉದುರುವುದನ್ನು, ಅದರ ಹಿಂದೆ ಹಲ್ಲುಗಳು ಒಂದೊಂದಾಗಿ ಹಳದಿ ಹೊಳಪಿಗೆ ಬರುವುದನ್ನು ನೋಡುವುದೇ ಒಂದು ಸುಖ. ಬ್ರಷ್ಷಿನಿಂದ ಪುಡಿ ತೆಗೆದು, ಪಟ್ಟಿಯ ಕಚ್ಚನ್ನು ಕಿಂಡಿಯ ಗಂಟಿಗೆ ಸರಿಹೊಂದಿಸಿ, ಎರಡು ಹೆಬ್ಬೆರಳುಗಳಿಂದ ಸಮನಾಗಿ ಒತ್ತಿದರೆ ಕೊಕ್ಕೆಗಳು ಟಕ್ ಟಕ್ ಎಂದು ಕೂರುತ್ತವೆ. ಉಜ್ಜಿದ್ದರಿಂದ ಸರಿಹೋಯಿತೋ, ಕಿತ್ತು ಮತ್ತೆ ಕೂರಿಸಿದ್ದರಿಂದಲೇ ಸರಿಹೋಯಿತೋ ಎಂದು ತಿಳಿದವರು ವಾದ ಮಾಡುತ್ತಾರೆ. ನನ್ನ ಮತ ಎರಡನೆಯದಕ್ಕೆ. ಆದರೂ ಉಜ್ಜುವುದನ್ನು ಬಿಡುವುದಿಲ್ಲ.

ಉಜ್ಜಿ ಸರಿಮಾಡಲಾಗದ ಕಾಯಿಲೆಗಳೂ ಇವೆ. 2000ದ ಆಸುಪಾಸಿನ ಬೋರ್ಡುಗಳಿಗೆ ಒಂದು ಪಿಡುಗು ತಗುಲಿತ್ತು. ಕೆಟ್ಟ ರಾಸಾಯನಿಕ ತುಂಬಿದ ಕೆಪಾಸಿಟರುಗಳು ಜಗತ್ತಿನ ಅಸಂಖ್ಯ ಬೋರ್ಡುಗಳಿಗೆ ಸೇರಿಕೊಂಡು, ಕೆಲವು ವರ್ಷಗಳಲ್ಲಿ ತಲೆ ಉಬ್ಬಿ, ಕಂದು ರಸ ಕಾರಿ ಸತ್ತವು. ಚಪ್ಪಟೆಯಾಗಿರಬೇಕಾದ ಆ ಪುಟ್ಟ ಡಬ್ಬಿಗಳ ನೆತ್ತಿ ಉಬ್ಬಿದ್ದರೆ ಮುಂದೆ ಮಾತಿಲ್ಲ. ಅವನ್ನು ಬೆಸುಗೆ ಕಿತ್ತು ಬದಲಿಸುವವರು ಆಗ ಊರೂರಲ್ಲಿ ಇದ್ದರು. ಈಗಿನ ಅಂಗಡಿಗಳಲ್ಲಿ ತೀರ್ಪು ಬೇಗ ಬರುತ್ತದೆ: “ಬೋರ್ಡು ಹೋಗಿದೆ ಸರ್, ಹೊಸದು ತೆಗೆದುಕೊಂಡುಬಿಡಿ.”

ನಮ್ಮದಕ್ಕೆ ಆ ಗತಿ ಬರಲಿಲ್ಲ. ರ್‍ಯಾಮು ಕೂತಿತು, ಬೀಪ್ ಕೇಳಿಸಿತು, ಪರದೆ ಬೆಳಗಿತು. ಆದರೆ ಗಡಿಯಾರದಲ್ಲಿ 2009ರ ಜನವರಿ 1. ಕರೆಂಟಿಲ್ಲದಾಗಲೂ ಆ ಗಡಿಯಾರವನ್ನು ನಡೆಸುವ, ಬೋರ್ಡಿನ ಮೇಲೆ ನಾಣ್ಯದಂತಿರುವ ಮೂರು ವೋಲ್ಟಿನ ಸಿಆರ್2032 ಸೆಲ್ಲು ತೀರಿಹೋಗಿತ್ತು. ಮುಂದುವರಿಯಲು ಎಫ್1 ಒತ್ತಿ ಎಂದು ಪರದೆಯ ಕೋರಿಕೆ. ಒತ್ತಿದೆ. ಇಷ್ಟೊಂದು ಹಿಂದಿನ ತಾರೀಕು ಹಾಕಿಕೊಂಡರೆ ಬ್ಯಾಂಕಿನ ಜಾಲತಾಣ ಒಳಗೆ ಬಿಡುವುದಿಲ್ಲ. ಅದರ ಭದ್ರತಾ ಪ್ರಮಾಣಪತ್ರದ ಅವಧಿ 2009ರಲ್ಲಿ ಇನ್ನೂ ಶುರುವಾಗಿರುವುದಿಲ್ಲವಲ್ಲ. ಅಕ್ಕನ ಮಗ ಸೈಕಲ್ ಹತ್ತಿ ಗಡಿಯಾರದ ಅಂಗಡಿಯಿಂದ ಸೆಲ್ಲು ತಂದ.

ಅಷ್ಟು ಹೊತ್ತೂ ಮನಸ್ಸಿನಲ್ಲಿ ಕೊರೆಯುತ್ತಿದ್ದುದು ಹಾರ್ಡ್ ಡಿಸ್ಕಿನ ಚಿಂತೆ. ವಾಸ್ತವವಾಗಿ ಎಸ್‌ಎಂಪಿಎಸ್ಸೋ ರ್‍ಯಾಮೋ ಹೋದರೆ ಕಡತಗಳು ಹೋಗುವುದಿಲ್ಲ. ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೇಬಲ್ಲಿನ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವೂ ಇದ್ದಲ್ಲೇ ಇರುತ್ತವೆ. ಕಟ್ ಕಟ್ ಎನ್ನುವ ಡಿಸ್ಕಿನ ಕಥೆ ಬೇರೆ. ಆಗ ‘ಕೆಟ್ಟ ಮೇಲೆ ಬುದ್ಧಿ ಬಂತು’ ಎನ್ನುತ್ತ ಅಂಗಡಿಗೆ ಓಡಬೇಕು. ನಮ್ಮದರಲ್ಲಿ ಇದ್ದುದು ಮೇಷ್ಟ್ರು ವರ್ಷಗಟ್ಟಲೆ ಕುಳಿತು ಬರೆಸಿದ ಬಡಾವಣೆಯ ಸಂಘದ ಸ್ಮರಣಸಂಚಿಕೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಯಾವ ಕಂಪ್ಯೂಟರಿನಲ್ಲೂ ಕನ್ನಡವನ್ನು ಕನ್ನಡವಾಗಿಯೇ ತೋರಿಸುವ ಯೂನಿಕೋಡ್ ಎಲ್ಲರಿಗೂ ರೂಢಿಯಾಗುವ ಮೊದಲು ಬೆರಳಚ್ಚು ಮಾಡಿದ್ದು.

ಮತ್ತೆ ಕೆಡುವ ಮೊದಲು ಒಂದು ಪ್ರತಿ ತೆಗೆದಿಡೋಣವೆಂದು ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ತೆರೆದೆವು. ಅದರಲ್ಲಿ ನುಡಿ ಫಾಂಟು ಇರಲಿಲ್ಲ. ಅಧ್ಯಕ್ಷರ ಸಂದೇಶವಿರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳು ತಲೆಗೆ ಟೋಪಿ, ಹಣೆಗೆ ಚುಕ್ಕೆ, ಕಾಲಿಗೆ ಬಾಲ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ಹಿಂದೆ ನಿಂತಿದ್ದ ಮೇಷ್ಟ್ರು ಬಗ್ಗಿ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ನಾನು ಹೇಳಲಿಲ್ಲವೇ, ವೈರಸ್!”